ಮೊದಲ ಸಾಲಿನ ತಾಳ

ಐವತ್ತೊಂಬತ್ತನೇ ವಯಸ್ಸಿನಲ್ಲಿ ನನ್ನನ್ನು ಡ್ರಮ್ ಕ್ಲಾಸಿಗೆ ಸೇರಿಸಿದ್ದು ನನ್ನ ಹೆಂಡತಿ. ಪ್ರೀತಿಯಿಂದಲ್ಲ, ಸಿಟ್ಟಿನಿಂದ.

ನಡೆದದ್ದು ಇಷ್ಟು. ಸುಧಾ ಸಂಜೆ ಹೊತ್ತು ಪಿಯುಸಿ ಮಕ್ಕಳಿಗೆ ಆನ್‌ಲೈನಿನಲ್ಲಿ ಗಣಿತ ಹೇಳಿಕೊಡುತ್ತಾಳೆ. ಡೈನಿಂಗ್ ಟೇಬಲ್ಲಿನ ಆ ತುದಿಯಲ್ಲಿ ಅವಳ ಲ್ಯಾಪ್‌ಟಾಪ್, ಈ ತುದಿಯಲ್ಲಿ ನಾನು ಮತ್ತು ನನ್ನ ಕಾಫಿ. ಕಾಫಿ ಮುಗಿದ ಮೇಲೆ ನನ್ನ ಕೈ ಸುಮ್ಮನಿರುವುದಿಲ್ಲ. ಟೇಬಲ್ ಮೇಲೆ ಬೆರಳು ತಾನಾಗಿ ಆಡುತ್ತದೆ. ನಲವತ್ತು ವರ್ಷ ಸಂಗೀತ ಕೇಳಿದ ಕೈ ನೋಡಿ. (ನೌಕರಿಯಲ್ಲಿದ್ದಾಗ ಇದೇ ಕೈ ಫೈಲು ತಿರುವಲು ಇಷ್ಟು ಚುರುಕಾಗಿರಲಿಲ್ಲ ಎಂದು ಹಳೆಯ ಸಹೋದ್ಯೋಗಿಗಳು ಹೇಳಬಹುದು. ಹೇಳಲಿ.)

ಆ ದಿನ ಅವಳು ಇಂಟಿಗ್ರೇಷನ್ ಹೇಳಿಕೊಡುತ್ತಿದ್ದಳು. ಆ ಕಡೆಯಿಂದ ಒಬ್ಬ ಹುಡುಗಿ ಬಹಳ ವಿನಯದಿಂದ, ಮ್ಯಾಮ್ ನಿಮ್ಮ ಮನೆಯಲ್ಲಿ ಕಾರ್ಪೆಂಟರ್ ಕೆಲಸ ನಡೆಯುತ್ತಿದೆಯಾ ಎಂದು ಕೇಳಿದಳು.

ಕ್ಲಾಸ್ ಮುಗಿದ ಮೇಲೆ ನಾನು ಸುಧಾಳಿಗೆ ವಿವರಿಸಿದೆ. ಇದು ಮರಗೆಲಸವಲ್ಲ, ಆದಿತಾಳ. ಅದರಲ್ಲೂ ಎರಡನೇ ಕಾಲ. ಆ ಹುಡುಗಿಗೆ ಸಂಸ್ಕಾರ ಸಾಲದು. ಹೀಗೆ ಸುಮಾರು ಹತ್ತು ನಿಮಿಷ ಹೇಳಿದೆ. ಸುಧಾ ಕನ್ನಡಕ ತೆಗೆದು ಟೇಬಲ್ ಮೇಲಿಟ್ಟು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಒಂದೇ ಮಾತು ಹೇಳಿದಳು.

"ಬಡೀಲೇಬೇಕು ಅಂದ್ರೆ ಕಲಿತಾದ್ರೂ ಬಡೀರಿ."

ಮೂರನೇ ದಿನಕ್ಕೆ ನನ್ನ ಫೋನಿಗೆ ಒಂದು ಮೆಸೇಜ್ ಬಂತು. ಜೆ.ಪಿ. ನಗರದ ಒಂದು ಡ್ರಮ್ ಕ್ಲಾಸಿಗೆ ನನ್ನ ಅಡ್ಮಿಷನ್ ಆಗಿದೆ, ಮೂರು ತಿಂಗಳ ಫೀಸು ಕಟ್ಟಿದೆ, ಸೋಮವಾರ, ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಬನ್ನಿ. ಕಟ್ಟಿದ ಫೀಸು ಬಿಡುವುದು ನಮ್ಮ ವಂಶದಲ್ಲೇ ಇಲ್ಲ.

ಮೃದಂಗಕ್ಕೇ ಸೇರಬಹುದಿತ್ತಲ್ಲ ಎಂದು ನೀವು ಕೇಳಬಹುದು. ಆಗುತ್ತಿರಲಿಲ್ಲ. ನಮ್ಮ ಬನಶಂಕರಿ ಸುತ್ತಮುತ್ತಲಿನ ಮೃದಂಗದ ಮೇಷ್ಟ್ರುಗಳಿಗೆಲ್ಲ ನಾನು ಗೊತ್ತು. ಅವರ ಮುಂದೆ ಹೋಗಿ ಚಕ್ಕಂಬಕ್ಕಳ ಹಾಕಿ ಮೊದಲ ಪಾಠ ಹೇಳಿಸಿಕೊಳ್ಳುವುದೆಂದರೆ ನನ್ನ ಸ್ಥಾನಕ್ಕೆ ಕುಂದು.

ಯಾವ ಸ್ಥಾನ? ಹೇಳುತ್ತೇನೆ.

ನಮ್ಮ ಬಡಾವಣೆಯಲ್ಲಿ ಒಂದು ಪುಟ್ಟ ಸಂಗೀತ ಸಭಾ ಇದೆ. ತಿಂಗಳ ಎರಡನೇ ಭಾನುವಾರ ಗಣಪತಿ ದೇವಸ್ಥಾನದ ಮಹಡಿಯ ಹಾಲಿನಲ್ಲಿ ಕಚೇರಿ. ಐವತ್ತು ಪ್ಲಾಸ್ಟಿಕ್ ಕುರ್ಚಿ, ಕೊನೆಯಲ್ಲಿ ಉಪ್ಪಿಟ್ಟು, ಕಾಫಿ. ಮೊದಲ ಸಾಲಿನ ಮೂರನೇ ಕುರ್ಚಿ ನನ್ನದು. ಅದರ ಮೇಲೆ ಹೆಸರು ಬರೆದಿಲ್ಲ, ಆದರೂ ಯಾರೂ ಕೂರುವುದಿಲ್ಲ. ಅಲ್ಲಿ ಕೂತು ನಾನು ತಾಳ ಹಾಕುತ್ತೇನೆ. ತೊಡೆಯ ಮೇಲೆ ಒಂದು ಏಟು, ಆಮೇಲೆ ಕಿರುಬೆರಳು, ಉಂಗುರಬೆರಳು, ನಡುಬೆರಳು. ಮತ್ತೆ ಏಟು, ಅಂಗೈ ತಿರುವು, ಏಟು, ತಿರುವು. ಎಂಟಕ್ಕೆ ಒಂದು ಸುತ್ತು. ಎಲ್ಲರೂ ಹಾಕುತ್ತಾರೆ, ನಿಜ. ನಾನು ಹಿಂದಿನವರಿಗೂ ಕಾಣುವಂತೆ ಹಾಕುತ್ತೇನೆ.

ಹಿಂದಿನ ಸಾಲಿನ ರಿಟೈರ್ಡ್ ಹೆಡ್‌ಮಾಸ್ಟರ್ ನರಸಿಂಹಯ್ಯನವರು ನನ್ನ ಕೈ ನೋಡಿ ತಾಳ ಹಾಕುತ್ತಾರೆ. ಅವರನ್ನು ನೋಡಿ ಅವರ ಹಿಂದಿನವರು. ಹೀಗೆ ಇಡೀ ಹಾಲು ನನ್ನ ಬಲಗೈಗೆ ಕಟ್ಟಿಕೊಂಡಿತ್ತು. ವೇದಿಕೆ ಮೇಲಿನ ತಾಳಕ್ಕೂ ನನ್ನ ತಾಳಕ್ಕೂ ವ್ಯತ್ಯಾಸ ಬಂದರೆ ನಾನು ಕತ್ತನ್ನು ಸ್ವಲ್ಪ ಆಡಿಸುತ್ತಿದ್ದೆ. ತಪ್ಪು ಯಾರದೆಂದು ಜನರಿಗೆ ತಿಳಿಯಬೇಕಲ್ಲ. ಆಮೇಲೆ ಉಪ್ಪಿಟ್ಟಿನ ಹೊತ್ತಿಗೆ ತೀರ್ಪು. "ಹುಡುಗನ ಕೈ ಚೆನ್ನಾಗಿದೆ, ಲಯ ಸ್ವಲ್ಪ ಎಳೀತಾನೆ." ಅಥವಾ, "ಈ ಮೃದಂಗದ ವಿದ್ವಾಂಸರನ್ನ ನೋಡಿ, ನನ್ನ ಮುಂದೆ ನುಡಿಸೋವಾಗ ಕಣ್ಣೇ ಬಿಡಲ್ಲ, ಅಷ್ಟು ತನ್ಮಯ." ಯಾರೂ ಎದುರು ಹೇಳಿದ್ದಿಲ್ಲ.

ಇಂಥ ಬಯೋಡೇಟಾ ಇಟ್ಟುಕೊಂಡು ನಾನು ಜೋಯಲ್ ಮುಂದೆ ಹೋಗಿ ನಿಂತೆ.

ಜೋಯಲ್ ನಮ್ಮ ವಿಲ್ಸನ್ ಗಾರ್ಡನ್ ಕಡೆಯ ಹುಡುಗ. ಹುಡುಗ ಅಂದರೆ ಮೂವತ್ತು ದಾಟಿದೆ. ಒಂದು ಫಾರ್ಮಸಿಯ ಕೆಳಗಿನ ಬೇಸ್‌ಮೆಂಟಿನಲ್ಲಿ ಗೋಡೆಗೆಲ್ಲ ಸ್ಪಂಜು ಅಂಟಿಸಿಕೊಂಡು ಕ್ಲಾಸ್ ನಡೆಸುತ್ತಾನೆ. ಮೊದಲು ಏನಾದರೂ ನುಡಿಸಿದ್ದೀರಾ ಎಂದು ಕೇಳಿದ. ನುಡಿಸಿಲ್ಲ, ಆದರೆ ಲಯ ಚೆನ್ನಾಗಿ ಗೊತ್ತು ಎಂದೆ. ಅವನು ನಕ್ಕ. ನಾನು ಅದನ್ನು ಗೌರವ ಎಂದುಕೊಂಡೆ.

ಅಷ್ಟರಲ್ಲಿ ನನ್ನ ಕೈಯಲ್ಲಿದ್ದ ಡ್ರಮ್ ಸ್ಟಿಕ್ ಅವನ ಕಣ್ಣಿಗೆ ಬಿತ್ತು.

ಈ ಸ್ಟಿಕ್ಕಿನ ವಿಷಯ ಹೇಳಲೇಬೇಕು. ಹಿಂದಿನ ದಿನ ಜಯನಗರದ ಒಂದು ವಾದ್ಯಗಳ ಅಂಗಡಿಗೆ ಹೋಗಿದ್ದೆ. ಅಂಗಡಿಯವರು ಮೂರು ನಮೂನೆ ತೆಗೆದಿಟ್ಟರು. ಸೆವೆನ್ ಎ, ಸಣ್ಣದು. ಫೈವ್ ಎ, ಮಧ್ಯಮ. ಟೂ ಬಿ, ದಪ್ಪ. ಮೂರಕ್ಕೂ ಒಂದೇ ರೇಟು. ಒಂದೇ ರೇಟು ಅಂದ ಮೇಲೆ ನಮ್ಮ ಕಡೆಯವರು ಯಾವುದು ತಗೊಳ್ಳುತ್ತಾರೆ? ಗಾಂಧಿ ಬಜಾರಿನಲ್ಲಿ ಒಂದೇ ರೇಟಿನ ತೆಂಗಿನಕಾಯಿ ರಾಶಿಯಲ್ಲಿ ನೀವು ಚಿಕ್ಕದನ್ನು ಆರಿಸಿದ್ದುಂಟಾ? ಕೊಟ್ಟ ದುಡ್ಡಿಗೆ ಮರ ಯಾವುದರಲ್ಲಿ ಜಾಸ್ತಿ ಇದೆಯೋ ಅದನ್ನೇ ತಂದಿದ್ದೆ.

ಜೋಯಲ್ ಅದನ್ನು ಕೈಯಲ್ಲಿ ತೂಗಿ ನೋಡಿದ.

"ಇದು ಮುದ್ದೆ ಕೋಲಲ್ವಾ ಸಾರ್" ಎಂದ.

ನಾನು ಹಟ ಬಿಡಲಿಲ್ಲ. ದಪ್ಪ ಸ್ಟಿಕ್ಕಿನಲ್ಲಿ ಕಲಿತರೆ ಕೈಗೆ ಬಲ ಬರುತ್ತದೆ ಎಂದು ಅವನಿಗೇ ತಿಳಿಸಿಕೊಟ್ಟೆ. ಎರಡು ವಾರಕ್ಕೆ ಬಂದದ್ದು ಬಲವಲ್ಲ, ಊತ. ಮಣಿಕಟ್ಟಿಗೆ ಮುಲಾಮು ಹಚ್ಚಿ ಬಟ್ಟೆ ಸುತ್ತಿಕೊಂಡು ಮತ್ತೆ ಅದೇ ಅಂಗಡಿಗೆ ಹೋದೆ. ಈ ಸಲ ಜೋಯಲ್ ಹೇಳಿಕೊಟ್ಟಂತೆ ಆರಿಸಿದೆ. ಮೊದಲು ಸ್ಟಿಕ್ಕನ್ನು ಗಾಜಿನ ಕೌಂಟರ್ ಮೇಲೆ ಉರುಳಿಸಬೇಕು. ತುದಿ ಕುಣಿದರೆ ಸೊಟ್ಟ ಎಂದರ್ಥ. ನೆಟ್ಟಗೆ ಉರುಳಿದರೆ ಎರಡನ್ನೂ ಒಂದೊಂದಾಗಿ ತಟ್ಟಿ ನೋಡಬೇಕು. ಎರಡರ ಸದ್ದೂ ಒಂದೇ ಶ್ರುತಿಯಲ್ಲಿರಬೇಕು, ಇಲ್ಲದಿದ್ದರೆ ಬಲಗೈ ಒಂದು ಹಾಡುತ್ತದೆ, ಎಡಗೈ ಇನ್ನೊಂದು. ನಾನು ಹದಿಮೂರು ಜೊತೆ ಉರುಳಿಸಿ, ತಟ್ಟಿ, ಕಿವಿಗೆ ಹಿಡಿದು ಕೊನೆಗೆ ಒಂದು ಫೈವ್ ಎ ಜೊತೆಯನ್ನು ಒಪ್ಪಿದೆ. ಅಂಗಡಿಯವರ ಕಾಫಿ ತಣ್ಣಗಾಗಿತ್ತು. ಸಂಬಂಧ ನೋಡಿದ ಹಾಗೆ ನೋಡಿದ್ರಿ ಬಿಡಿ ಎಂದರು.

ಹಳೆಯ ದಪ್ಪ ಸ್ಟಿಕ್ಕು ಈಗ ನಮ್ಮ ಅಡುಗೆಮನೆಯಲ್ಲಿದೆ. ಸುಧಾ ಅದರಲ್ಲೇ ಮುದ್ದೆ ತಿರುವುತ್ತಾಳೆ. ಗಂಟಿಲ್ಲದೆ ಬರುತ್ತದೆ.

ಕ್ಲಾಸಿನಲ್ಲಿ ಮೊದಲ ತಿಂಗಳು ನಾನು ಡ್ರಮ್ ಮುಟ್ಟಲಿಲ್ಲ. ಮೂಲೆಯಲ್ಲಿ ಥಳಥಳಿಸುವ ಕಿಟ್ ಇತ್ತು. ಹೊಸ ಅಳಿಯನ ಮುಂದೆ ಹೋಳಿಗೆ ಇಟ್ಟು ಮುಟ್ಟಬೇಡಿ ಎಂದ ಹಾಗೆ. ನನಗೆ ಕೊಟ್ಟದ್ದು ಒಂದು ರಬ್ಬರ್ ಪ್ಯಾಡ್, ತಟ್ಟೆ ಇಡ್ಲಿಗಿಂತ ಸ್ವಲ್ಪ ದೊಡ್ಡದು. ಅದರ ಮೇಲೆ ಬಲ, ಎಡ, ಬಲ, ಎಡ. ಅರ್ಧ ಗಂಟೆ. ಆಮೇಲೆ ಬಲ ಬಲ, ಎಡ ಎಡ. ಇನ್ನರ್ಧ ಗಂಟೆ.

ಸ್ಟಿಕ್ ಹಿಡಿಯುವುದೇ ಒಂದು ವಿದ್ಯೆ. ಹೆಬ್ಬೆರಳು, ತೋರುಬೆರಳ ನಡುವೆ ಹಗುರವಾಗಿ ಹಿಡಿಯಬೇಕು, ಉಳಿದ ಮೂರು ಬೆರಳು ಸುಮ್ಮನೆ ಜೊತೆಗಿರಬೇಕು. ಏಟು ಬಿದ್ದ ಮೇಲೆ ಸ್ಟಿಕ್ ತಾನೇ ಮೇಲೆ ಪುಟಿದು ಬರುತ್ತದೆ. ಅದನ್ನು ನಾವು ಎತ್ತಬಾರದು, ತಡೆಯಲೂಬಾರದು. ನಾನು ಎರಡನ್ನೂ ಮಾಡುತ್ತಿದ್ದೆ. "ಹಾರೆ ಹಿಡಿದಂಗೆ ಹಿಡೀಬೇಡಿ ಸಾರ್. ಅದೇ ಬರುತ್ತೆ, ಬರೋಕ್ ಬಿಡಿ" ಎಂದು ಜೋಯಲ್ ದಿನಾ ಹೇಳುತ್ತಿದ್ದ. ಮೂವತ್ತು ಚಿಲ್ಲರೆ ವರ್ಷ ಆಫೀಸರ್ ಆಗಿದ್ದವನಿಗೆ ಈ ಪಾಠ ಹತ್ತುವುದು ಕಷ್ಟ. ನನ್ನ ಕೈಕೆಳಗೆ ಯಾವುದನ್ನೂ ತಾನೇ ಬರಲು ನಾನು ಬಿಟ್ಟವನಲ್ಲ.

ಮನೆಯಲ್ಲಿ ದಿನಾ ಹದಿನೈದು ನಿಮಿಷ ಪ್ರಾಕ್ಟೀಸ್ ಮಾಡಬೇಕು ಎಂಬುದು ಅವನ ಶಾಸನ. ಭಾನುವಾರ ಒಟ್ಟಿಗೆ ಎರಡು ಗಂಟೆ ಕೂರುತ್ತೇನೆ ಅಂದರೆ ನಡೆಯುವುದಿಲ್ಲ. ಎಡಗೈ ಸೋಮಾರಿಯಾದ್ದರಿಂದ ಹಲ್ಲುಜ್ಜುವುದು, ಬಾಗಿಲು ತೆಗೆಯುವುದು, ಒಗ್ಗರಣೆ ಕೆದಕುವುದು ಎಲ್ಲ ಎಡಗೈಯಲ್ಲಿ ಮಾಡಬೇಕು. ಒಂದು ವಾರ ಪೇಸ್ಟು ನನ್ನ ಮೀಸೆಯಲ್ಲಿತ್ತು. ಒಗ್ಗರಣೆ ಕೆಲಸದಿಂದ ಸುಧಾ ನನ್ನನ್ನು ಮೊದಲ ದಿನವೇ ಬಿಡುಗಡೆ ಮಾಡಿದಳು.

ಆದರೆ ನನಗೆ ಪ್ರಾಕ್ಟೀಸಿಗಿಂತ ಅದರ ಸಾಮಾನಿನಲ್ಲೇ ಆಸಕ್ತಿ ಜಾಸ್ತಿಯಾಯಿತು. ಇದು ನನ್ನೊಬ್ಬನ ರೋಗವಲ್ಲ ಬಿಡಿ. ವಾಕಿಂಗ್ ಶುರು ಮಾಡುವ ಮೊದಲು ಶೂ ಬಗ್ಗೆ ಪಿಎಚ್.ಡಿ. ಮಾಡುವವರು ನಮ್ಮ ಬೀದಿಯಲ್ಲೇ ನಾಲ್ಕು ಜನ ಇದ್ದಾರೆ. ನಾನು ಹಗಲೆಲ್ಲ ವಿಡಿಯೋ ನೋಡಿದೆ. ಎಲೆಕ್ಟ್ರಾನಿಕ್ ಕಿಟ್ ಒಳ್ಳೆಯದಾ, ಮಾಮೂಲಿ ಕಿಟ್ಟಾ? ಹೆಡ್‌ಫೋನ್ ಹಾಕಿಕೊಂಡು ನುಡಿಸಿದರೆ ಕೆಳಗಿನ ಮನೆಯವರಿಗೆ ಕಾಲಿನ ಪೆಡಲ್ ಸದ್ದು ಕೇಳುತ್ತದೆಯಾ? ಸಿಂಬಲ್, ಅಂದರೆ ಆ ಕಂಚಿನ ತಟ್ಟೆ, ಯಾವ ದೇಶದ್ದಾಗಿರಬೇಕು? ಎರಡು ವಾರದಲ್ಲಿ ನಾನು ಒಂದೇ ಒಂದು ಸಿಂಬಲ್ ಮುಟ್ಟದೆ ಸಿಂಬಲ್ ಬಗ್ಗೆ ಭಾಷಣ ಮಾಡಬಲ್ಲವನಾದೆ. ಬಿಟಿಎಂ ಲೇಔಟಿನಲ್ಲಿ ಯಾರೋ ಸೆಕೆಂಡ್ ಹ್ಯಾಂಡ್ ಕಿಟ್ ಮಾರುತ್ತಿದ್ದಾರೆ, ತಗೊಂಡುಬಿಡಲಾ ಎಂದು ಜೋಯಲ್‌ನನ್ನು ಕೇಳಿದೆ.

ಈ ವಾರ ಎಷ್ಟು ಪ್ರಾಕ್ಟೀಸ್ ಆಯಿತು ಎಂದು ಅವನು ತಿರುಗಿ ಕೇಳಿದ. ವಿಡಿಯೋ ನೋಡಿದೆ ಎಂದೆ. ಹಾಗಿದ್ದರೆ ಕಿಟ್ಟೂ ವಿಡಿಯೋದಲ್ಲೇ ಇರಲಿ ಎಂದ. ನಿಮಗೆ ಸದ್ಯಕ್ಕೆ ಬೇಕಾದದ್ದು ಎರಡೇ, ಒಂದು ಪ್ಯಾಡ್, ಒಂದು ಒಳ್ಳೆಯ ಸ್ಟೂಲ್. ಎರಡು ಪಾದವೂ ನೆಲಕ್ಕೆ ಆರಾಮಾಗಿ ಕೂರಬೇಕು, ತೊಡೆ ಸ್ವಲ್ಪ ಇಳಿಜಾರಾಗಿರಬೇಕು, ಬೆನ್ನು ನೆಟ್ಟಗಿರಬೇಕು. ಕೂರುವುದು ಸರಿ ಇಲ್ಲದವರಿಗೆ ಕೋಟಿ ರೂಪಾಯಿ ಕಿಟ್ ಕೊಟ್ಟರೂ ಬೆನ್ನುನೋವೇ ಬರುವುದು ಎಂದ. ಸ್ಟೂಲ್ ತಂದೆ. ನಮ್ಮ ಮನೆಯಲ್ಲಿ ಅದಕ್ಕಿಂತ ಆರಾಮದ ಆಸನ ಇಲ್ಲ. ಸುಧಾ ಈಗ ಕ್ಲಾಸ್ ತೆಗೆದುಕೊಳ್ಳುವುದು ಅದರ ಮೇಲೆ ಕೂತು.

ಎರಡನೇ ತಿಂಗಳು ಜೋಯಲ್ ಮೆಟ್ರೊನೋಮ್ ಹಾಕಿದ. ಫೋನಿನ ಒಂದು ಆ್ಯಪ್, ಗೊತ್ತಲ್ಲ, ಒಂದೇ ಸಮನೆ ಟಿಕ್ ಟಿಕ್ ಎನ್ನುತ್ತದೆ. ಅದರ ಜೊತೆ ನುಡಿಸಬೇಕು. ನನಗೆ ನಗು ಬಂತು. ಇಡೀ ಹಾಲಿಗೆ ತಾಳ ಹಾಕುವವನಿಗೆ ಇದೊಂದು ಪರೀಕ್ಷೆಯೇ?

ಒಂದು ನಿಮಿಷದಲ್ಲಿ ಆ್ಯಪ್ ಹಿಂದೆ ಬಿತ್ತು.

ನಿಮ್ಮ ಆ್ಯಪ್ ನಿಧಾನ ಇದೆ ಎಂದು ಜೋಯಲ್‌ಗೆ ಹೇಳಿದೆ. ಅವನು ಬೇರೆ ಆ್ಯಪ್ ಹಾಕಿದ. ಅದೂ ಹಿಂದೆ ಬಿತ್ತು. ಮನೆಗೆ ಬಂದು ನನ್ನ ಫೋನಿನಲ್ಲಿ ಹಾಕಿದೆ. ಅದೂ. ಬ್ಯಾಟರಿ ಕಮ್ಮಿ ಇರಬಹುದು ಎಂದು ಚಾರ್ಜಿಗೆ ಹಾಕಿ ನೋಡಿದೆ. ಸುಧಾಳ ಫೋನ್ ಇಸ್ಕೊಂಡೆ. ಬನಶಂಕರಿಯಲ್ಲಿರುವ ಒಂದು ಫೋನಿಗೂ ಲಯಜ್ಞಾನ ಇಲ್ಲವೇ ಎಂದು ವ್ಯಥೆಯಾಯಿತು.

ಗುರುವಾರ ಜೋಯಲ್ ಇನ್ನೊಂದು ಆಟ ಹೂಡಿದ. ಈ ಆ್ಯಪಿನಲ್ಲಿ ಒಂದು ಸೌಕರ್ಯ ಇದೆ. ನಾಲ್ಕು ಸುತ್ತು ಟಿಕ್ ಟಿಕ್ ಎನ್ನುತ್ತದೆ, ನಾಲ್ಕು ಸುತ್ತು ಸುಮ್ಮನಾಗುತ್ತದೆ. ನಾವು ನುಡಿಸುತ್ತಲೇ ಇರಬೇಕು. ಮತ್ತೆ ಟಿಕ್ ಬಂದಾಗ ನಮ್ಮ ಏಟು ಅದರ ಮೇಲೇ ಬಿದ್ದರೆ ನಾವು ಸರಿ. ಅವನು ನನ್ನದನ್ನು ಫೋನಿನಲ್ಲಿ ರೆಕಾರ್ಡೂ ಮಾಡಿದ. ಸದ್ದು ನಿಂತಿತು. ನಾನು ಧೀರನಂತೆ ಬಾರಿಸಿದೆ. ಟಿಕ್ ಮತ್ತೆ ಬರುವ ಹೊತ್ತಿಗೆ ನಾನು ಆಗಲೇ ಮುಂದಿನ ಸ್ಟಾಪಿನಲ್ಲಿ ಇಳಿದಾಗಿತ್ತು.

ರೆಕಾರ್ಡಿಂಗ್ ಕೇಳಿಸಿದ. ಒಂದು ಸಲ, ಎರಡು ಸಲ. ಮೂರನೇ ಸಲ ನಾನೇ ಕೇಳಿಸು ಎಂದೆ. ಸಂಶಯವೇ ಇರಲಿಲ್ಲ. ನಾನು ಓಡುತ್ತಿದ್ದೆ.

"ಒಂದು ಮಾತು ಹೇಳ್ಲಾ ಸಾರ್?" ಎಂದ ಜೋಯಲ್. "ಕಷ್ಟ ಇರೋ ಕಡೆ ನೀವು ಸರಿಯಾಗೇ ಇದೀರ. ಚೆನ್ನಾಗಿ ಗೊತ್ತಿರೋ ಕಡೆಯೇ ಓಡೋದು."

ಅವತ್ತು ಜೆ.ಪಿ. ನಗರದಿಂದ ಮನೆಗೆ ನಡೆದುಕೊಂಡೇ ಬಂದೆ. ದಾರಿಯುದ್ದಕ್ಕೂ ಮನಸ್ಸು ಒಂದೇ ಲೆಕ್ಕ ಮಾಡುತ್ತಿತ್ತು. ಪ್ಯಾಡ್ ಮೇಲೆ ಓಡುವ ಕೈ ತೊಡೆಯ ಮೇಲೆ ಓಡದೆ ಇರುತ್ತದೆಯೇ? ನಲವತ್ತು ವರ್ಷ. ಎಷ್ಟು ಕಚೇರಿ, ಎಷ್ಟು ಮೃದಂಗದ ಹುಡುಗರು. ಅವರು ಲಯ ಎಳೆಯುತ್ತಿರಲಿಲ್ಲ. ನಾನು ಓಡುತ್ತಿದ್ದೆ. ಅವರತ್ತ ಕತ್ತು ಆಡಿಸಿದ್ದು ನೆನಪಾಗಿ ನಿಜಕ್ಕೂ ನಾಚಿಕೆಯಾಯಿತು. ಆ ರಾತ್ರಿ ಊಟ ಸೇರಲಿಲ್ಲ.

ಮರುದಿನ ಬೆಳಿಗ್ಗೆ ಲಲಿತಮ್ಮ ಮನೆಗೆ ಬಂದರು.

ಲಲಿತಮ್ಮ ನಮ್ಮ ಬೀದಿಯ ಮೂರನೇ ಮನೆಯವರು. ಅವರ ಮೊಮ್ಮಗಳು ನಿಧಿಗೆ ಈಗ ಹದಿನಾರು, ಮೃದಂಗ ಕಲಿಯುತ್ತಾಳೆ. ಆ ಮಗು ಐದು ವರ್ಷದವಳಿದ್ದಾಗ ಸಭಾದಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿ ಕಾಲು ತೂಗಾಡಿಸಿಕೊಂಡು ಕೂರುತ್ತಿದ್ದಳು. ಕಿರುಬೆರಳು, ಉಂಗುರಬೆರಳು, ನಡುಬೆರಳು ಎಂದು ಅವಳ ಪುಟ್ಟ ಕೈ ಹಿಡಿದು ತಾಳ ಹಾಕಿಸಿದವನು ನಾನೇ. ನಿಧಿಗೆ ಮೊದಲ ಗುರು ನೀವೇ ಎಂದು ಲಲಿತಮ್ಮ ಊರಿಗೆಲ್ಲ ಹೇಳುತ್ತಾರೆ. ನಾನೂ ತಡೆದವನಲ್ಲ.

ಈಗ ವಿಷಯ ಏನೆಂದರೆ, ಬರುವ ತಿಂಗಳ ಎರಡನೇ ಭಾನುವಾರ ನಮ್ಮ ಸಭಾದಲ್ಲೇ ನಿಧಿಯ ಮೊದಲ ಪೂರ್ಣ ಕಚೇರಿ. ಹಿರಿಯ ವಿದ್ವಾಂಸರೊಬ್ಬರ ವಯಲಿನ್, ಇವಳ ಮೃದಂಗ. ವಯಲಿನ್ ನುಡಿಸುವವರ ಎರಡು ಕೈಯೂ ವಯಲಿನ್ ಮೇಲೇ ಇರುತ್ತವೆ. ಹಾಡುವವರ ಹಾಗೆ ಅವರು ತಾಳ ಹಾಕಿ ತೋರಿಸಲಾರರು. ಮಗುವಿಗೆ ಭಯ.

"ನೀವು ಮುಂದೆ ಕೂತು ಕಾಣೋ ಹಾಗೆ ತಾಳ ಹಾಕಿ. ನಿಮ್ಮ ಕೈ ನೋಡ್ಕೊಂಡು ನುಡಿಸ್ತಾಳೆ. ನಂಗೆ ಅದೊಂದು ಧೈರ್ಯ" ಎಂದರು ಲಲಿತಮ್ಮ.

ಆಗ ನಾನು ಹೇಳಬೇಕಾಗಿದ್ದು ಏನು? ಲಲಿತಮ್ಮನವರೇ, ನನ್ನ ಕೈ ಓಡುತ್ತದೆ, ನಿನ್ನೆಯಷ್ಟೇ ಗೊತ್ತಾಯಿತು, ಮಗು ನನ್ನ ಕೈ ನೋಡಿದರೆ ಮೊದಲ ಕಚೇರಿಯಲ್ಲೇ ತಾಳ ತಪ್ಪುತ್ತಾಳೆ. ಇಷ್ಟೇ. ಹೇಳಿದ್ದೇನು?

"ಅದಕ್ಕೇನಂತೆ, ಆಗಲಿ ಬಿಡಿ."

ಅವರು ಹೋದ ಮೇಲೆ ಸುಧಾ ಅಡುಗೆಮನೆಯಿಂದ ಬಂದಳು. ನಿಜ ಹೇಳಿಬಿಡಿ, ಇವತ್ತೇ ಹೇಳಿಬಿಡಿ ಎಂದಳು. ನಲವತ್ತು ವರ್ಷದ ಮರ್ಯಾದೆ ಎಂದೆ. ಆ ಮಗುವಿಗೆ ಇರುವುದು ಒಂದೇ ಮೊದಲ ಕಚೇರಿ ಎಂದಳು. ಗಣಿತದವರ ಜೊತೆ ವಾದ ಮಾಡಬಾರದು.

ನಾನು ಮೂರನೇ ದಾರಿ ಹುಡುಕಿದೆ. ಕಚೇರಿಗೆ ಇನ್ನೂ ಹದಿನಾರು ದಿನ ಇತ್ತು. ಅಷ್ಟರೊಳಗೆ ಕೈ ಸರಿ ಮಾಡಿಕೊಂಡುಬಿಟ್ಟರೆ? ಹೇಳುವ ಗೋಜೇ ಇಲ್ಲವಲ್ಲ.

ನನ್ನ ಜೀವನದಲ್ಲಿ ನಾನು ಅಷ್ಟು ಶ್ರದ್ಧೆಯಿಂದ ಏನನ್ನೂ ಮಾಡಿದ್ದಿಲ್ಲ. ವಿಡಿಯೋ ಬಂದ್. ಬಿಟಿಎಂ ಕಿಟ್ ಮರೆತೆ. ಬೆಳಿಗ್ಗೆ ಹದಿನೈದು ನಿಮಿಷ, ಸಂಜೆ ಸುಧಾಳ ಕ್ಲಾಸಿಗೆ ಮುಂಚೆ ಹದಿನೈದು ನಿಮಿಷ, ಪ್ಯಾಡ್ ಮೇಲೆ, ಅತೀ ನಿಧಾನಕ್ಕೆ. ನಿಧಾನವೇ ಕಷ್ಟ ಎಂಬುದು ಆಗ ತಿಳಿಯಿತು. ಎರಡು ಏಟಿನ ನಡುವೆ ಅಷ್ಟೊಂದು ಜಾಗ ಇರುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ಆ ಜಾಗದಲ್ಲಿ ಸುಮ್ಮನೆ ಕಾಯಬೇಕು. ನಮ್ಮೂರಿನವರಿಗೆ ಸಿಗ್ನಲ್ಲಿನಲ್ಲಿ ಹಸಿರು ಬರುವ ಮೊದಲೇ ಹಾರ್ನ್ ಒತ್ತಿ ಅಭ್ಯಾಸ. ಕಾಯುವುದನ್ನು ಯಾರು ಕಲಿಸಿದ್ದಾರೆ? ಬಾಯಲ್ಲಿ ಎಣಿಸಿದೆ. ವಾಕಿಂಗಿನಲ್ಲಿ ಹೆಜ್ಜೆ ಎಣಿಸಿದೆ. ದಿನಾ ರೆಕಾರ್ಡ್ ಮಾಡಿ ಕೇಳಿದೆ. ಮೊದಲ ದಿನ ಎರಡು ಸುತ್ತಿನ ಮೌನಕ್ಕೇ ಓಡುತ್ತಿದ್ದವನು ಹತ್ತನೇ ದಿನ ನಾಲ್ಕು ಸುತ್ತು ತಡೆದುಕೊಂಡೆ. ಐದನೆಯದರಲ್ಲಿ ಮತ್ತೆ ಓಟ.

ಕಚೇರಿಗೆ ಮೂರು ದಿನ ಇರುವಾಗ ಜೋಯಲ್‌ಗೆ ಎಲ್ಲವನ್ನೂ ಹೇಳಿ, ಈ ಕೈ ಆ ಹುಡುಗಿಗೆ ತೋರಿಸುವ ಹಾಗಿದೆಯಾ ಎಂದು ಕೇಳಿದೆ. ಅವನು ನನ್ನಿಂದ ಎಂಟು ಸುತ್ತು ಮೌನದಲ್ಲಿ ನುಡಿಸಿ ನೋಡಿದ. ಮೊದಲಿಗಿಂತ ಎಷ್ಟೋ ವಾಸಿ ಎಂದ. ವಾಸಿ ಎನ್ನುವುದು ಕಾಯಿಲೆಯವರಿಗೆ ಹೇಳುವ ಮಾತು. ನನ್ನ ಮುಖ ನೋಡಿ ಇನ್ನೊಂದು ಮಾತು ಸೇರಿಸಿದ.

"ಕೈ ಎತ್ತದೆ ಕೂತ್ಕೊಳ್ಳೋದೂ ಡ್ರಮ್ಮಿಂಗೇ ಸಾರ್. ನಾವು ಅದನ್ನ ರೆಸ್ಟ್ ಅಂತೀವಿ. ಅದಕ್ಕೂ ಪ್ರಾಕ್ಟೀಸ್ ಬೇಕು."

ಭಾನುವಾರ ಬಂತು. ಹಾಲು ತುಂಬಿತ್ತು. ನನ್ನ ಮೂರನೇ ಕುರ್ಚಿ ಖಾಲಿ ಇತ್ತು. ಯಾರಾದರೂ ಕೂತಿರಬಾರದಿತ್ತೇ ಎಂದು ಮೊದಲ ಬಾರಿಗೆ ಅನ್ನಿಸಿತು. ನಿಧಿ ರೇಷ್ಮೆ ಲಂಗ ಉಟ್ಟು ವೇದಿಕೆ ಹತ್ತಿ ನಮಸ್ಕಾರ ಮಾಡಿ ಕೂತಳು. ದಪ್ಪ ಗಾಜಿನ ಕನ್ನಡಕ ತೆಗೆದು ಡಬ್ಬಿಯಲ್ಲಿಟ್ಟು ಪಕ್ಕಕ್ಕೆ ಸರಿಸಿದಳು. ಫೋಟೋದಲ್ಲಿ ಚೆನ್ನಾಗಿ ಕಾಣಲಿ ಅಂತಿರಬೇಕು, ಈಗಿನ ಮಕ್ಕಳು, ಎಂದುಕೊಂಡೆ. ಲಲಿತಮ್ಮ ಪಕ್ಕದ ಸಾಲಿನಿಂದ ನನಗೆ ಕಣ್ಣಿನಲ್ಲೇ ಶುರು ಮಾಡಿ ಎಂದರು.

ನಾನು ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಅದರ ಮೇಲೆ ಕೂತೆ.

ಕಚೇರಿಯ ಮೊದಲ ರಚನೆ, ವರ್ಣ, ಶುರುವಾಯಿತು. ನನ್ನ ಹಿಂದೆ ಏನೋ ಗಲಿಬಿಲಿ. ಕತ್ತು ಓರೆ ಮಾಡಿ ನೋಡಿದೆ. ನರಸಿಂಹಯ್ಯನವರ ಕೈ ಗಾಳಿಯಲ್ಲಿ ನಿಂತುಬಿಟ್ಟಿತ್ತು. ಅವರು ನನ್ನ ಕೈ ಹುಡುಕುತ್ತಿದ್ದರು. ಅವರ ಹಿಂದಿನವರು ಅವರ ಕೈ ಹುಡುಕುತ್ತಿದ್ದರು. ಸ್ವಲ್ಪ ಹೊತ್ತಿನಲ್ಲಿ ಎಲ್ಲರೂ ಧೈರ್ಯ ಮಾಡಿ ತಂತಮ್ಮದೇ ತಾಳ ಹಾಕತೊಡಗಿದರು. ಒಬ್ಬರ ಕಿರುಬೆರಳಿಗೆ ಇನ್ನೊಬ್ಬರ ಅಂಗೈ ತಿರುವು. ಎಲೆಕ್ಷನ್ ಮುಗಿದ ಮೇಲಿನ ಪಕ್ಷೇತರರ ಹಾಗೆ.

ಕೈ ನೋವಾ ಎಂದು ನರಸಿಂಹಯ್ಯ ನನ್ನ ಕಿವಿಯ ಹತ್ತಿರ ಬಂದು ಕೇಳಿದರು. ಹೂಂ ಎಂದೆ. (ಸುಳ್ಳಲ್ಲ. ಅದರ ಮೇಲೆ ಎಪ್ಪತ್ತೆಂಟು ಕೆ.ಜಿ. ಕೂತಿತ್ತು.)

ಲಲಿತಮ್ಮನ ಕಡೆ ನೋಡುವ ಧೈರ್ಯ ನನಗಿರಲಿಲ್ಲ. ಅವರ ನೋಟ ಕೆನ್ನೆಗೆ ತಾಗುತ್ತಿತ್ತು. ಒಂದೂವರೆ ಗಂಟೆಯ ಮೇಲೆ ಮೃದಂಗ ಒಂದೇ ನುಡಿಯುವ ಭಾಗ, ತನಿ ಆವರ್ತನ, ಬಂತು. ವಯಲಿನ್ ವಿದ್ವಾಂಸರು ಕಮಾನು ಕೆಳಗಿಟ್ಟು ತಾವೇ ಮೆಲ್ಲಗೆ ತಾಳ ಹಾಕತೊಡಗಿದರು. ನಿಧಿ ಅವರತ್ತ ತಿರುಗಿ ಕೂತಳು. ಆ ಪುಟ್ಟ ಕೈಗಳು ಏನು ಕೆಲಸ ಮಾಡಿದವು ಎನ್ನುತ್ತೀರಿ! ನನ್ನ ಕೈ ಕೆಳಗಿನಿಂದ ಬಿಡಿಸಿಕೊಳ್ಳಲು ಒದ್ದಾಡಿತು. ಬಿಡಲಿಲ್ಲ. ಆಗ ನನಗೇ ತಿಳಿಯದೆ ಬಲಗಾಲಿನ ಹೆಬ್ಬೆರಳು ನೆಲದ ಮೇಲೆ ತಾಳ ಶುರು ಮಾಡಿತು. ಕುರ್ಚಿಯ ಕೆಳಗೆ, ಪಂಚೆಯ ಅಂಚಿನಡಿ, ಯಾರಿಗೂ ಕಾಣದ ಹಾಗೆ. ಹೋಗಲಿ ಎಂದು ಬಿಟ್ಟೆ.

ಮುಕ್ತಾಯ ಬಂತು. ಒಂದೇ ನುಡಿಕಟ್ಟು ಮೂರು ಸಲ, ಮೂರನೆಯದರ ಕೊನೆಯ ಏಟು ಸರಿಯಾಗಿ ತಾಳದ ಮೇಲೆ ಬಂದು ಬೀಳಬೇಕು. ಇಡೀ ಹಾಲು ಉಸಿರು ಹಿಡಿಯಿತು. ನನ್ನ ಹೆಬ್ಬೆರಳು ನೆಲಕ್ಕೆ ಬಡಿಯಿತು. ಅದಾದ ಮೇಲೆ ಅರ್ಧ ಮಾತ್ರೆ ಕಳೆದು ನಿಧಿಯ ಕೈ ಮೃದಂಗದ ಮೇಲೂ, ವಿದ್ವಾಂಸರ ಕೈ ತೊಡೆಯ ಮೇಲೂ ಒಟ್ಟಿಗೆ ಬಿದ್ದವು. ಚಪ್ಪಾಳೆ. ನನ್ನ ಕಣ್ಣು ತುಂಬಿತು. ಅರ್ಧ ಸಂತೋಷಕ್ಕೆ, ಅರ್ಧ ಆ ಅರ್ಧ ಮಾತ್ರೆಗೆ.

ಉಪ್ಪಿಟ್ಟಿನ ಹತ್ತಿರ ಲಲಿತಮ್ಮ ನನ್ನನ್ನು ಹಿಡಿದರು. ಮಾತು ಕೊಟ್ಟು ಕೈಯೇ ಎತ್ತಲಿಲ್ಲವಲ್ಲ, ಮಗು ಪಾಪ ಒಬ್ಬಳೇ ಒದ್ದಾಡಿತು ಎಂದು ಬೇಸರದಿಂದ ಹೇಳಿದರು. ಅಷ್ಟರಲ್ಲಿ ನಿಧಿಯೇ ಕನ್ನಡಕ ಹಾಕಿಕೊಂಡು, ತಟ್ಟೆ ಹಿಡಿದುಕೊಂಡು ಬಂದಳು. ಇನ್ನು ಮುಚ್ಚಿಡುವುದು ಬೇಡ ಅನ್ನಿಸಿತು. ಇಬ್ಬರ ಮುಂದೆಯೂ ಹೇಳಿದೆ. ನನ್ನ ತಾಳ ಓಡುತ್ತದಮ್ಮ, ಡ್ರಮ್ ಕ್ಲಾಸಿನಲ್ಲಿ ಗೊತ್ತಾಯಿತು, ನಿನ್ನ ಕಚೇರಿ ಹಾಳಾಗದಿರಲಿ ಎಂದು ಕೈ ಕಟ್ಟಿ ಕೂತೆ. ಹೇಳಿ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟೆ. ತ್ಯಾಗ ಮಾಡಿದವರು ಹಾಗೇ ತಟ್ಟೆ ಕೆಳಗಿಡುತ್ತಾರೆ.

ನಿಧಿ ಉಪ್ಪಿಟ್ಟಿನಿಂದ ಗೋಡಂಬಿ ಆರಿಸಿ ಬಾಯಿಗೆ ಹಾಕಿಕೊಂಡಳು.

"ಅದು ನಂಗೆ ಆರನೇ ಕ್ಲಾಸಿಂದ ಗೊತ್ತು ಅಂಕಲ್. ಕನ್ನಡಕ ಯಾಕೆ ತೆಗೀತೀನಿ ಅಂದ್ಕೊಂಡಿದ್ರಿ? ಹಾಕ್ಕೊಂಡ್ರೆ ಮೊದಲನೇ ಸಾಲು ಕಾಣತ್ತೆ. ತೆಗೆದ್ರೆ ಪಕ್ಕದಲ್ಲಿ ಕೂತಿರೋ ವಯಲಿನ್ ಸಾರ್ ಮಾತ್ರ."

ಇದನ್ನು ಯಾರು ಹೇಳಿಕೊಟ್ಟರು ಎಂದು ಕೇಳಿದೆ. ಮೃದಂಗದ ಸಾರ್ ಎಂದಳು. ಅವರಿಗೆ ಕನ್ನಡಕ ಇಲ್ಲವಲ್ಲ, ಅವರೇನು ಮಾಡುತ್ತಾರೆ ಎಂದೆ.

"ಅವರು ಕಣ್ಣು ಮುಚ್ಕೊತಾರೆ."

ತನ್ಮಯತೆ!

ಮನೆಗೆ ಬಂದು ಸ್ಟೂಲ್ ಮೇಲೆ ಕೂತಿದ್ದ ಸುಧಾಳಿಗೆ ನಡೆದದ್ದನ್ನೆಲ್ಲ ಹೇಳಲು ಶುರು ಮಾಡಿದೆ. ಅವಳು ಎಂದಿನಂತೆ ಕನ್ನಡಕ ತೆಗೆದು ಟೇಬಲ್ ಮೇಲಿಟ್ಟು ನನ್ನತ್ತ ತಿರುಗಿದಳು. ನಾನು ಅರ್ಧ ವಾಕ್ಯಕ್ಕೆ ನಿಂತುಬಿಟ್ಟೆ. ಮದುವೆಯಾಗಿ ಮೂವತ್ತೆರಡು ವರ್ಷವಾಯಿತು, ನಾನು ಬಾಯಿ ತೆರೆದಾಗಲೆಲ್ಲ ಅವಳು ಹೀಗೇ ಕನ್ನಡಕ ತೆಗೆದಿಡುತ್ತಾಳೆ. ಗಮನವಿಟ್ಟು ಕೇಳುವುದಕ್ಕೆ ಎಂದುಕೊಂಡಿದ್ದೆ.

ನಿಮ್ಮ ಮನೆಯಲ್ಲಿ ಕನ್ನಡಕ ತೆಗೆದಿಡುವವರು ಯಾರು?